ಮನೆ ಬದಲಿಸಿದರೆ ಕರಾರು ಮುರಿದಂತೆಯೇ? ಟ್ರಾಯ್‌ಗೆ ಬೆಂಗಳೂರಿನ ಬಾಡಿಗೆದಾರನ ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್), ನವದೆಹಲಿ.

ವಿಷಯ: ಗ್ರಾಹಕರು ಮನೆ ಬದಲಿಸಿದಾಗ ದೂರಸಂಪರ್ಕ ಕಂಪನಿಗಳು ವಿಧಿಸುವ ಅವಧಿಪೂರ್ವ ನಿರ್ಗಮನ ಶುಲ್ಕ ಮತ್ತು ಹಿಂದಿರುಗಿಸದೆ ಉಳಿಸಿಕೊಳ್ಳುವ ಮುಂಗಡ ಹಣ.

ಮಾನ್ಯರೇ,

ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಕರಾರು ಪತ್ರ ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಆಗುತ್ತದೆ. ವರ್ಷದಿಂದ ವರ್ಷಕ್ಕೆ ನಡೆಯುವ ಅಥವಾ ಒಂದು ವರ್ಷ ಮೀರಿದ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಹೇಳುವುದರಿಂದ, ಆ ಖರ್ಚನ್ನೂ ಓಡಾಟವನ್ನೂ ತಪ್ಪಿಸಿಕೊಳ್ಳಲು ಮಾಲೀಕರು ಮತ್ತು ಬಾಡಿಗೆದಾರರು ಕೂಡಿಯೇ ರೂಢಿಸಿಕೊಂಡ ಪದ್ಧತಿ ಇದು. ಅದೇ ಮನೆಗೆ ಇಂಟರ್ನೆಟ್ ಹಾಕಿಸಲು ಹೊರಟರೆ ಕಂಪನಿಯವರು ಮೊದಲು ಮುಂದಿಡುವುದು ಹನ್ನೆರಡು ತಿಂಗಳ ಯೋಜನೆಯನ್ನು. ತಿಂಗಳಿಗೊಮ್ಮೆ ಕಟ್ಟುತ್ತೇನೆಂದರೆ ರೂಟರಿಗೆ ಬೇರೆ, ಅಳವಡಿಕೆಗೆ ಬೇರೆ ಹಣ ತೆರಬೇಕಾಗುತ್ತದೆ. ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದರೆ ಎರಡೂ ಉಚಿತ. ಹೀಗಾಗಿ ಮನೆಯಲ್ಲಿ ಇರುವ ಹಕ್ಕು ಹನ್ನೊಂದು ತಿಂಗಳಿಗೆ, ಆ ಮನೆಯ ಇಂಟರ್ನೆಟ್ಟಿನ ಹೊಣೆ ಹನ್ನೆರಡು ತಿಂಗಳಿಗೆ ಎಂಬ ವಿಚಿತ್ರ ಲೆಕ್ಕಕ್ಕೆ ಈ ನಗರದ ಬಾಡಿಗೆದಾರರು ಸಹಿ ಹಾಕುತ್ತಾರೆ. ಹನ್ನೊಂದು ತಿಂಗಳು ಪೂರ್ತಿ ಇರುತ್ತೇವೆಂಬ ಭರವಸೆಯೂ ಇಲ್ಲ. ಓನರ್ ಮಗಳ ಮದುವೆ, ಮಗ ವಿದೇಶದಿಂದ ಮರಳುವುದು, ಮನೆ ಮಾರಾಟ, ಕಚೇರಿ ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವುದು, ಮಕ್ಕಳ ಶಾಲೆ, ಇವುಗಳಲ್ಲಿ ಯಾವುದು ಬಂದರೂ ಸಾಮಾನು ಕಟ್ಟಲೇಬೇಕು.

ಹೀಗೆ ಮನೆ ಬಿಡುವಾಗ ದೂರಸಂಪರ್ಕ ಕಂಪನಿ ನಮ್ಮಿಂದ ಏನನ್ನು ವಸೂಲು ಮಾಡಬಹುದು, ಏನನ್ನು ಮಾಡಬಾರದು ಎಂಬುದಕ್ಕೆ ಸ್ಪಷ್ಟವಾದ ಮಿತಿಯನ್ನು ಪ್ರಾಧಿಕಾರವು ನಿಗದಿಪಡಿಸಬೇಕೆಂಬುದು ಈ ಪತ್ರದ ಕೋರಿಕೆ.

ಮೊಬೈಲ್ ಗ್ರಾಹಕರ ಮಟ್ಟಿಗೆ ಪ್ರಾಧಿಕಾರ ಮಾಡಿರುವ ಕೆಲಸವನ್ನು ಮೊದಲು ನೆನೆಯುವುದು ನ್ಯಾಯ. 2006ರ ಮಾರ್ಚ್‌ನಲ್ಲಿ ಹೊರಡಿಸಿದ ದೂರಸಂಪರ್ಕ ದರ ಆದೇಶದ 43ನೇ ತಿದ್ದುಪಡಿಯು, ಗ್ರಾಹಕ ಸೇರಿದ ದರ ಯೋಜನೆಯನ್ನು ಕನಿಷ್ಠ ಆರು ತಿಂಗಳು ಉಳಿಸಬೇಕೆಂದು ಕಂಪನಿಯನ್ನು ಕಟ್ಟಿಹಾಕಿತು. ಆದರೆ ಗ್ರಾಹಕ ಮಾತ್ರ ಯಾವಾಗ ಬೇಕಾದರೂ ಬೇರೆ ಯೋಜನೆಗೆ ಹೋಗಬಹುದೆಂದು ಅವನ ಕೈಯನ್ನು ಬಿಡಿಸಿತು. ಕರಾರಿನಲ್ಲಿ ಬಲಹೀನನಾದವನ ಕಡೆ ನಿಲ್ಲುವುದೆಂದರೆ ಹೀಗೆ. ಆಮೇಲೆ ನಂಬರ್ ಪೋರ್ಟಬಿಲಿಟಿ ಬಂದಿತು: 2010ರ ನವೆಂಬರ್ 25ರಂದು ಹರಿಯಾಣದಲ್ಲಿ, 2011ರ ಜನವರಿ 20ರಂದು ದೇಶದ ಉಳಿದೆಡೆ, 2015ರ ಜುಲೈ 3ರಿಂದ ಒಂದು ದೂರಸಂಪರ್ಕ ವೃತ್ತದಿಂದ (ಹೆಚ್ಚುಕಡಿಮೆ ಒಂದು ರಾಜ್ಯದಷ್ಟು ಸೇವಾ ವಲಯ) ಇನ್ನೊಂದು ವೃತ್ತಕ್ಕೆ ಹೋದರೂ ಅದೇ ನಂಬರ್. ಬೆಂಗಳೂರಿನಿಂದ ಪುಣೆಗೆ ವರ್ಗವಾದವರು ಇಂದು ತಮ್ಮ ಹಳೆಯ ನಂಬರನ್ನೇ ಇಟ್ಟುಕೊಂಡು, 1900ಕ್ಕೆ ಒಂದು ಸಂದೇಶ ಕಳುಹಿಸಿ, ಕಂಪನಿಯನ್ನು ಬದಲಿಸಬಲ್ಲರು.

ಆದರೆ ಅದೇ ಪೋರ್ಟಬಿಲಿಟಿ ನಿಯಮಗಳಲ್ಲಿ ಒಂದು ಸಣ್ಣ ಕಿಂಡಿ ಉಳಿದಿದೆ. ಗ್ರಾಹಕರ ಕರಾರಿನಲ್ಲಿ ನಿರ್ಗಮನದ ಷರತ್ತು ಇದ್ದು, ಅದನ್ನು ಪೂರೈಸದಿದ್ದರೆ ಪೋರ್ಟಿಂಗ್ ಕೋರಿಕೆಯನ್ನು ತಿರಸ್ಕರಿಸಬಹುದು. ಅಂಥ ಷರತ್ತು ಎಷ್ಟು ಕಠಿಣವಾಗಿರಬಹುದು, ಅದರ ಶುಲ್ಕದ ಮೇಲ್ಮಿತಿ ಎಷ್ಟು, ಗ್ರಾಹಕ ಹೋಗುವ ಊರಿನಲ್ಲಿ ಆ ಕಂಪನಿಯ ಸಿಗ್ನಲ್ಲೇ ಸಿಗದಿದ್ದರೆ ಆಗಲೂ ಷರತ್ತು ನಿಲ್ಲುತ್ತದೆಯೇ ಎಂಬುದು ಸಾಮಾನ್ಯ ಗ್ರಾಹಕನಿಗೆ ತಿಳಿಯುವಂತೆ ಎಲ್ಲೂ ಇಲ್ಲ. ಪ್ರೀಪೇಯ್ಡ್ ಗ್ರಾಹಕರಿಗೆ ಕರಾರಿನ ಕಾಟವಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ವರ್ಷಕ್ಕೆ ಸಾಕಾಗುವ ರೀಚಾರ್ಜನ್ನು ಜನವರಿಯಲ್ಲಿ ಮಾಡಿಸಿದ ಶಿಕ್ಷಕಿಯೊಬ್ಬರಿಗೆ ಜೂನ್‌ನಲ್ಲಿ ಮಲೆನಾಡಿನ ಒಂದು ಹಳ್ಳಿಗೆ ವರ್ಗವಾಗಿ, ಅಲ್ಲಿ ಇನ್ನೊಂದು ಕಂಪನಿಯ ಟವರ್ ಮಾತ್ರ ಇದೆಯೆನ್ನಿ. ನಂಬರ್ ಪೋರ್ಟ್ ಆಗುತ್ತದೆ, ಉಳಿದ ಆರು ತಿಂಗಳ ಹಣ ಪೋರ್ಟ್ ಆಗುವುದಿಲ್ಲ. ದೂರಸಂಪರ್ಕ ಗ್ರಾಹಕರ ರಕ್ಷಣಾ ನಿಯಮಗಳಿಗೆ ಪ್ರಾಧಿಕಾರ ತಂದ 2024ರ ಡಿಸೆಂಬರ್ ತಿದ್ದುಪಡಿಯಲ್ಲಿ ವಿಶೇಷ ರೀಚಾರ್ಜ್ ವೋಚರುಗಳ ಗರಿಷ್ಠ ಅವಧಿಯನ್ನು 90 ದಿನಗಳಿಂದ 365 ದಿನಗಳಿಗೆ ಏರಿಸಿದ್ದು ಅನುಕೂಲವೇ ಹೌದು. ಆದರೆ ಅವಧಿ ಉದ್ದವಾದಷ್ಟೂ ನಡುವೆ ಊರು ಬಿಡುವವನ ನಷ್ಟವೂ ದೊಡ್ಡದಾಗುತ್ತದೆ ಎಂಬುದನ್ನು ಅದರ ಜೊತೆಯಲ್ಲೇ ಯೋಚಿಸಬೇಕಿತ್ತು.

ನಿರ್ಗಮನ ಶುಲ್ಕದ ಮೂಲವನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡುವುದು ಉಪಯುಕ್ತ, ಏಕೆಂದರೆ ಕಂಪನಿಗಳು ಇಂದಿಗೂ ಕೊಡುವ ಸಮರ್ಥನೆ ಅಲ್ಲಿಂದಲೇ ಬಂದದ್ದು. ಅಮೆರಿಕದಲ್ಲಿ ಮೊಬೈಲ್ ಕಂಪನಿಗಳು ದುಬಾರಿ ಫೋನನ್ನು ಅಗ್ಗಕ್ಕೆ ಕೊಟ್ಟು, ಎರಡು ವರ್ಷದ ಕರಾರಿನಲ್ಲಿ ತಿಂಗಳ ಬಿಲ್ಲಿನ ಮೂಲಕ ಆ ಹಣವನ್ನು ಹಿಂಪಡೆಯುತ್ತಿದ್ದವು. ನಡುವೆ ಬಿಟ್ಟುಹೋದವನಿಂದ ಫೋನಿನ ಬಾಕಿ ವಸೂಲು ಮಾಡಲು ನಿರ್ಗಮನ ಶುಲ್ಕ ಬೇಕೆಂಬುದು ಅವುಗಳ ವಾದ. ಮೊದಲಿಗೆ ಈ ಶುಲ್ಕ ಇಡೀ ಅವಧಿಗೆ ಒಂದೇ ಆಗಿತ್ತು. ಒಂದು ತಿಂಗಳು ಬಳಸಿ ಬಿಟ್ಟವನೂ ಇಪ್ಪತ್ತಮೂರು ತಿಂಗಳು ಬಳಸಿ ಬಿಟ್ಟವನೂ ಅಷ್ಟೇ ಕಟ್ಟಬೇಕಿತ್ತು. ಟೀಕೆ ಮತ್ತು ಮೊಕದ್ದಮೆಗಳ ನಂತರ 2006ರಿಂದ 2008ರ ನಡುವೆ ದೊಡ್ಡ ಕಂಪನಿಗಳು ತಿಂಗಳು ಕಳೆದಂತೆ ಶುಲ್ಕ ಇಳಿಸುವ ಪದ್ಧತಿಗೆ ಬಂದವು. ಆದರೂ 2009ರ ನವೆಂಬರ್‌ನಲ್ಲಿ ವೆರೈಝನ್ ಕಂಪನಿ ಸ್ಮಾರ್ಟ್‌ಫೋನುಗಳ ಮೇಲಿನ ಶುಲ್ಕವನ್ನು 350 ಡಾಲರಿಗೆ ಏರಿಸಿ, ತಿಂಗಳಿಗೆ ಹತ್ತು ಡಾಲರಿನಂತೆ ಮಾತ್ರ ಇಳಿಸುವುದಾಗಿ ಹೇಳಿತು. ಇಪ್ಪತ್ತಮೂರು ತಿಂಗಳು ನಿಯತ್ತಾಗಿ ಕಟ್ಟಿದವನು ಕೊನೆಯ ತಿಂಗಳಲ್ಲಿ ಬಿಟ್ಟರೂ 120 ಡಾಲರ್ ತೆರಬೇಕೆಂದರೆ ಅದು ಫೋನಿನ ಬಾಕಿ ಹೇಗಾದೀತು? ಅಲ್ಲಿನ ನಿಯಂತ್ರಕ ಸಂಸ್ಥೆಯಾದ ಎಫ್‌ಸಿಸಿ ಆಗ ಕಂಪನಿಗೆ ಪತ್ರ ಬರೆದು ವಿವರಣೆ ಕೇಳಿತ್ತು. 2013ರಲ್ಲಿ ಟಿ-ಮೊಬೈಲ್ ಕಂಪನಿ ಫೋನಿನ ಕಂತನ್ನೂ ಸೇವೆಯ ಬಿಲ್ಲನ್ನೂ ಬೇರೆ ಬೇರೆ ಮಾಡಿ ಎರಡು ವರ್ಷದ ಕರಾರನ್ನೇ ಕೈಬಿಟ್ಟಿತು. ಕೆಲವೇ ವರ್ಷಗಳಲ್ಲಿ ಉಳಿದವರೂ ಆ ದಾರಿಗೆ ಬಂದರು. ಎರಡನ್ನು ಬಿಡಿಸಿದ ಕೂಡಲೇ ನಿರ್ಗಮನ ಶುಲ್ಕಕ್ಕೆ ಇದ್ದ ಆಧಾರವೇ ಹೋಯಿತು ಎಂಬುದನ್ನು ಪ್ರಾಧಿಕಾರ ಗಮನಿಸಬೇಕು.

ನಮ್ಮಲ್ಲಿ ಫೋನಿಗೂ ಸಿಮ್ಮಿಗೂ ಅಂಥ ಗಂಟು ಹೆಚ್ಚು ಕಾಲ ನಿಲ್ಲಲಿಲ್ಲ. 2003ರಲ್ಲಿ 501 ರೂಪಾಯಿ ಕೈಗಿಟ್ಟರೆ ಫೋನ್ ಕೊಡುವ ಯೋಜನೆಯೊಂದು ಬಂದು, ಕಂತು ಕಟ್ಟದವರ ಹಿಂದೆ ಕಂಪನಿ ಅಲೆದದ್ದು ಆ ಕಾಲದವರಿಗೆ ನೆನಪಿದ್ದೀತು. ಈಗ ಫೋನನ್ನು ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಬ್ಯಾಂಕಿನ ಇಎಂಐ ಮೇಲೆ ಕೊಳ್ಳುತ್ತೇವೆ, ಸಿಮ್ಮಿನ ಪಾಡು ಸಿಮ್ಮಿಗೆ. ಆದರೆ ಫೋನು ಬಿಟ್ಟುಕೊಟ್ಟ ಜಾಗಕ್ಕೆ ಮನೆಯ ಇಂಟರ್ನೆಟ್ಟಿನಲ್ಲಿ ರೂಟರ್ ಬಂದು ಕೂತಿದೆ. ಅದೇ ‘ಉಚಿತ’, ಅದೇ ಲಾಕ್‌ಇನ್ ಅವಧಿ (ನಡುವೆ ಬಿಡಬಾರದೆಂಬ ಕನಿಷ್ಠ ಕಾಲ), ಅದೇ ವಾದ. 5ಜಿ ಮೂಲಕ ಮನೆಗೆ ಇಂಟರ್ನೆಟ್ ಕೊಡುವ ಹೊಸ ಪೆಟ್ಟಿಗೆಗಳ ವಿಷಯ ಇನ್ನೂ ವಿಚಿತ್ರ. ಅದರ ಒಳಗಿರುವುದು ಮೊಬೈಲ್ ಜಾಲದ ಸಂಪರ್ಕವೇ ಆದರೂ ಅದನ್ನು ಒಂದು ವಿಳಾಸಕ್ಕೆ ಕಟ್ಟಲಾಗಿರುತ್ತದೆ. ಪೆಟ್ಟಿಗೆಯನ್ನು ಸುಮ್ಮನೆ ಹೊತ್ತುಕೊಂಡು ಹೊಸ ಮನೆಗೆ ಹೋಗುವಂತಿಲ್ಲ.

ನನ್ನ ಅನುಭವವನ್ನು ಇಲ್ಲಿ ಹೇಳುತ್ತಿರುವುದು ಅದು ವಿಶೇಷವೆಂದಲ್ಲ, ಎಲ್ಲರಿಗೂ ಆಗುವಂಥದ್ದೆಂದು. ಮತ್ತಿಕೆರೆಯ ಮನೆಯನ್ನು ಓನರ್ ತಮ್ಮ ಮಗನಿಗಾಗಿ ಬಿಡಿಸಿಕೊಂಡಾಗ ನಾವು ಕೆಂಗೇರಿ ಉಪನಗರದ ಕಡೆಗೆ ಹೋದೆವು. ವರ್ಷದ ಹಣ ಮುಂಗಡ ಕಟ್ಟಿದ್ದ ಇಂಟರ್ನೆಟ್ ಸಂಪರ್ಕವನ್ನು ಸ್ಥಳಾಂತರಿಸಿ ಎಂದು ಕಂಪನಿಗೆ ಕೋರಿಕೆ ಸಲ್ಲಿಸಿದೆ. ಲೈನ್ ನೋಡಲು ಬಂದ ಹುಡುಗ ಹೊಸ ಮನೆಯ ತಾರಸಿ ಹತ್ತಿದ, ಬೀದಿಯ ತುದಿಯ ಕಂಬದವರೆಗೂ ಕಣ್ಣು ಹಾಯಿಸಿದ, ಹೊಂಗೆ ಮರದ ಕೊಂಬೆಗೆ ಸುತ್ತಿದ್ದ ಕಪ್ಪು ಕೇಬಲ್ ಸುರುಳಿಗಳನ್ನು ಒಂದೊಂದಾಗಿ ಎತ್ತಿ ಅವುಗಳ ಮೇಲಿನ ಚೀಟಿ ಓದಿದ. ಯಾವುದೂ ಅವನ ಕಂಪನಿಯದ್ದಲ್ಲ. ‘ಇಲ್ಲಿ ಫೀಸಿಬಿಲಿಟಿ ಇಲ್ಲ ಸಾರ್, ನಮ್ಮ ಬಾಕ್ಸು ಮುಖ್ಯ ರಸ್ತೆಗೇ ನಿಂತೋಗಿದೆ’ ಎಂದು ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡು ಹೋದ. ಅವನು ಪ್ರಾಮಾಣಿಕ ಹುಡುಗ, ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ಮರುದಿನ ಕೋರಿಕೆಯನ್ನು ಮುಕ್ತಾಯಗೊಳಿಸಲಾಗಿದೆ ಎಂಬ ಸಂದೇಶ ಬಂದಿತು. ಉಳಿದ ತಿಂಗಳುಗಳ ಹಣ ಕೇಳಿದಾಗ ಗ್ರಾಹಕ ಸೇವಾ ಕೇಂದ್ರದವರು ವಾರ್ಷಿಕ ಯೋಜನೆಯಲ್ಲಿ ಹಣ ವಾಪಸಾತಿ ಇಲ್ಲವೆಂದರು. ಮೇಲಾಗಿ ಲಾಕ್‌ಇನ್ ಮುಗಿಯದ ಕಾರಣ ಅಳವಡಿಕೆಯ ಶುಲ್ಕವೂ ಬಾಕಿಯಿದೆ ಎಂದರು. ಸೇವೆ ಕೊಡಲಾಗದಿರುವುದು ನಿಮಗಲ್ಲವೇ ಎಂದು ಕೇಳಿದ್ದಕ್ಕೆ ಬಂದ ಉತ್ತರ ಇದು: ‘ಸಾರ್, ಮನೆ ಬಿಟ್ಟಿದ್ದು ನೀವು. ಹಳೇ ಅಡ್ರೆಸ್‌ನಲ್ಲಿ ನಮ್ಮ ಸರ್ವೀಸ್ ಇವತ್ತೂ ಆ್ಯಕ್ಟಿವ್ ಇದೆ.’

ಇಡೀ ವಿವಾದ ಆ ಉತ್ತರದಲ್ಲೇ ಅಡಗಿದೆ. ಕಂಪನಿಯ ದೃಷ್ಟಿಯಲ್ಲಿ ಅದು ಸೇವೆ ಕೊಡುತ್ತಿರುವುದು ವಿಳಾಸಕ್ಕೆ. ನನ್ನ ದೃಷ್ಟಿಯಲ್ಲಿ ಸೇವೆ ನನಗೆ. ಜಾಹೀರಾತು, ಕೆವೈಸಿ, ಬಿಲ್ಲು, ಬಾಕಿ ವಸೂಲಿ ಎಲ್ಲವೂ ನನ್ನ ಹೆಸರಿನಲ್ಲಿ ನಡೆದು, ಹಣ ಹಿಂದಿರುಗಿಸುವ ಹೊತ್ತಿಗೆ ಮಾತ್ರ ಗ್ರಾಹಕನ ಜಾಗದಲ್ಲಿ ಮತ್ತಿಕೆರೆಯ ಗೋಡೆ ಬಂದು ನಿಲ್ಲುತ್ತದೆ. ಆ ಗೋಡೆಯ ಒಳಗೆ ಈಗ ಓನರ್ ಮಗ ಇದ್ದಾನೆ. ಅವನು ಬೇರೆ ಕಂಪನಿಯ ಸಂಪರ್ಕ ಹಾಕಿಸಿಕೊಂಡಿದ್ದಾನೆ. ನನ್ನ ಹೆಸರಿನ ಸೇವೆ ಯಾರಿಗಾಗಿ ಆ್ಯಕ್ಟಿವ್ ಇತ್ತೋ ತಿಳಿಯದು.

ಕಂಪನಿಗಳ ವಾದದಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ವರ್ಷದ ಹಣ ಒಟ್ಟಿಗೆ ಕಟ್ಟುತ್ತಾನೆಂದೇ ರಿಯಾಯಿತಿ ಕೊಟ್ಟಿರುತ್ತಾರೆ, ಕಂಬದಿಂದ ಮನೆಯವರೆಗೆ ಫೈಬರ್ ಎಳೆದಿರುತ್ತಾರೆ, ರೂಟರ್ ಕೊಟ್ಟಿರುತ್ತಾರೆ. ಎರಡೇ ತಿಂಗಳಲ್ಲಿ ಬಿಟ್ಟುಹೋದರೆ ಅವರಿಗೆ ನಷ್ಟವಾಗುವುದು ನಿಜ. ಆದರೆ ಆ ನಷ್ಟಕ್ಕೆ ಒಂದು ಲೆಕ್ಕವಿದೆ, ಅದನ್ನು ಹಾಕಿ ನೋಡಬಹುದು. ತಿಂಗಳಿಗೆ 700 ರೂಪಾಯಿಯ ಯೋಜನೆಯೊಂದನ್ನು ವರ್ಷಕ್ಕೆ 7,000ಕ್ಕೆ ಕೊಡುತ್ತಾರೆನ್ನಿ. ಶೇ 18ರ ಜಿಎಸ್‌ಟಿ ಸೇರಿ ಗ್ರಾಹಕ ಕಟ್ಟುವುದು 8,260. ಐದು ತಿಂಗಳು ಬಳಸಿ ಅವನು ಮನೆ ಬದಲಿಸಿದ, ಹೊಸ ಜಾಗದಲ್ಲಿ ಕಂಪನಿಯ ಸೇವೆ ಇಲ್ಲ. ರಿಯಾಯಿತಿಯನ್ನು ಪೂರ್ತಿ ಹಿಂಪಡೆದು, ಬಳಸಿದ ಐದು ತಿಂಗಳಿಗೆ ಮಾಸಿಕ ದರವನ್ನೇ ಹಾಕಿ: 3,500 ರೂಪಾಯಿ, ಅದರ ಮೇಲೆ ತೆರಿಗೆ 630, ಒಟ್ಟು 4,130. ಕಂಪನಿಗೆ ಒಂದು ಪೈಸೆಯ ರಿಯಾಯಿತಿಯೂ ನಷ್ಟವಾಗದೆ ಗ್ರಾಹಕನಿಗೆ ಇನ್ನೂ 4,130 ರೂಪಾಯಿ, ಅಂದರೆ ಕಟ್ಟಿದ್ದರಲ್ಲಿ ಸರಿಯಾಗಿ ಅರ್ಧ, ಹಿಂದಿರುಗಬೇಕಾಗುತ್ತದೆ. ಅಳವಡಿಕೆಗೆ 1,500 ರೂಪಾಯಿ ನಿಜವಾಗಿ ಖರ್ಚಾಗಿದೆಯೆಂದರೆ ಹನ್ನೆರಡು ತಿಂಗಳ ಲಾಕ್‌ಇನ್‌ನಲ್ಲಿ ಒಂಬತ್ತು ತಿಂಗಳು ಇದ್ದವನಿಂದ 375 ರೂಪಾಯಿ ಕೇಳಬಹುದು, ಪೂರ್ತಿ 1,500 ಅಲ್ಲ. ರೂಟರನ್ನಂತೂ ವಾಪಸು ತೆಗೆದುಕೊಂಡು ಹೋಗುತ್ತಾರೆ, ಒರೆಸಿ ಮುಂದಿನ ಮನೆಗೆ ಹಾಕುತ್ತಾರೆ. ವಾಪಸು ಕೊಟ್ಟ ರೂಟರಿಗೂ ಹಣ ಹಿಡಿದುಕೊಳ್ಳುವುದು ಯಾವ ಲೆಕ್ಕ ಶಾಸ್ತ್ರದಲ್ಲಿ ಬರುತ್ತದೆಯೋ ಅವರೇ ಹೇಳಬೇಕು.

ಜಿಎಸ್‌ಟಿ ಈಗಾಗಲೇ ಸರ್ಕಾರಕ್ಕೆ ಹೋಗಿಬಿಟ್ಟಿದೆ, ಅದನ್ನು ಹಿಂದಿರುಗಿಸಲಾಗದು ಎಂಬ ಮಾತನ್ನೂ ಕೌಂಟರುಗಳಲ್ಲಿ ಕೇಳಿದ್ದೇನೆ. ಬಿಲ್ಲಿನಲ್ಲಿ ವಿಧಿಸಿದ ತೆರಿಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚಾದಾಗ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತವನ್ನು ಇಳಿಸುವ ಚೀಟಿ) ಕೊಟ್ಟು ಸರಿಪಡಿಸಲು 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ಅದಕ್ಕೆ ಕಾಲಾವಕಾಶವಿದೆ. ದೊಡ್ಡ ಲೆಕ್ಕಪತ್ರ ವಿಭಾಗ ಇಟ್ಟುಕೊಂಡಿರುವ ಕಂಪನಿಗಳಿಗೆ ಇದು ಗೊತ್ತಿಲ್ಲದ ವಿಷಯವಲ್ಲ.

ಗ್ರಾಹಕನಿಗೆ ಕಾನೂನಿನ ರಕ್ಷಣೆ ಈಗಾಗಲೇ ಇದೆಯಲ್ಲ ಎಂದು ಪ್ರಾಧಿಕಾರ ಕೇಳಬಹುದು. ಇದೆ, ಆದರೆ ಅದನ್ನು ಮುಟ್ಟುವ ದಾರಿಯನ್ನು ನೋಡಬೇಕು. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕರಾರಿನಲ್ಲಿ ಎಷ್ಟೇ ದಂಡ ಬರೆದಿದ್ದರೂ ಸಿಗಬಹುದಾದದ್ದು ಅದರ ಮಿತಿಯೊಳಗಿನ ಸಮಂಜಸ ಪರಿಹಾರ ಮಾತ್ರ. 1963ರ ಫತೇಚಂದ್ ಪ್ರಕರಣದಿಂದ 2015ರ ಕೈಲಾಶ್ ನಾಥ್ ಪ್ರಕರಣದವರೆಗೆ ಸುಪ್ರೀಂ ಕೋರ್ಟ್ ಇದನ್ನು ವಿವರಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗಿ, ಆಗುವ ನಷ್ಟಕ್ಕೆ ಪೂರ್ತಿ ಮೀರಿದ ದಂಡ ವಿಧಿಸುವ ಕರಾರನ್ನು ‘ಅನ್ಯಾಯದ ಕರಾರು’ ಎಂದೇ ಕರೆದಿದೆ. ಸೇವೆಗಳ ವ್ಯಾಖ್ಯೆಯಲ್ಲಿ ದೂರಸಂಪರ್ಕವನ್ನು ಹೆಸರಿಸಿ ಸೇರಿಸಿದೆ. ದೂರಸಂಪರ್ಕದ ದೂರುಗಳನ್ನು ಗ್ರಾಹಕ ವೇದಿಕೆಗಳು ಕೇಳುವಂತಿಲ್ಲ ಎಂದು 2009ರಿಂದ ಇದ್ದ ಅಡ್ಡಿಯನ್ನು 2022ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ನಿವಾರಿಸಿತು. ಕೇಳಲು ಇದೆಲ್ಲ ಚೆನ್ನಾಗಿದೆ.

ತೊಡಕು ಇರುವುದು ಬಾಗಿಲಿನಲ್ಲಿ. ಅನ್ಯಾಯದ ಕರಾರಿನ ವಿರುದ್ಧದ ದೂರನ್ನು ಕೇಳುವ ಅಧಿಕಾರವನ್ನು 2019ರ ಕಾಯ್ದೆ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ ಕೊಟ್ಟಿದೆಯೇ ಹೊರತು ಜಿಲ್ಲಾ ಆಯೋಗಕ್ಕಲ್ಲ. ನಾಲ್ಕು ಸಾವಿರ ರೂಪಾಯಿಗಾಗಿ ಬೀದರಿನವನೋ ಮಂಗಳೂರಿನವನೋ ರಾಜ್ಯ ಆಯೋಗದವರೆಗೆ ಬರಬೇಕು. ಬೆಂಗಳೂರಿನವರಿಗೆ ಆಯೋಗ ಇದೇ ಊರಿನಲ್ಲಿದೆಯಾದರೂ, ಹೊಸ ಮನೆಗೆ ಹೋಗಿ ಗ್ಯಾಸ್ ಸಂಪರ್ಕ, ಶಾಲೆಯ ವರ್ಗಾವಣೆ ಪತ್ರ, ಆಧಾರ್ ವಿಳಾಸಗಳ ಹಿಂದೆ ಓಡುತ್ತಿರುವವನು ಅದಕ್ಕಾಗಿ ಕೆಲಸಕ್ಕೆ ರಜೆ ಹಾಕುತ್ತಾನೆಯೇ? ಸೇವೆಯಲ್ಲಿನ ಕೊರತೆಯೆಂದು ಜಿಲ್ಲಾ ಆಯೋಗಕ್ಕೆ ಹೋಗಬಹುದು, ಐದು ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಅಲ್ಲಿ ಶುಲ್ಕವೂ ಇಲ್ಲ. ಆದರೆ ಹಳೆಯ ವಿಳಾಸದಲ್ಲಿ ಸೇವೆಯಲ್ಲಿ ಕೊರತೆಯೇ ಇರಲಿಲ್ಲವೆಂಬುದೇ ಕಂಪನಿಯ ಸಿದ್ಧ ಉತ್ತರ. ಇನ್ನು ಪ್ರಾಧಿಕಾರದ ಮುಂದೆ ಬರೋಣವೆಂದರೆ ವೈಯಕ್ತಿಕ ದೂರುಗಳನ್ನು ಇತ್ಯರ್ಥಗೊಳಿಸುವ ಅಧಿಕಾರ ತಮಗಿಲ್ಲ. 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಮೊದಲು ಕಂಪನಿಯ ದೂರು ಕೇಂದ್ರ, ಆಮೇಲೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಮೇಲ್ಮನವಿ ಉಚಿತವೇ ಹೌದು. ಆದರೆ ಹಣ ಹಿಂದಿರುಗಿಸಬೇಕೆಂದು ನಿಯಮವೇ ಇಲ್ಲದಿದ್ದಾಗ ಮೇಲ್ಮನವಿ ಕೇಳುವವರು ಯಾವ ನಿಯಮವನ್ನು ಹಿಡಿದು ತೀರ್ಪು ಕೊಡಬೇಕು? ಅವರು ಕಂಪನಿಯ ಷರತ್ತುಗಳ ಹಾಳೆಯನ್ನೇ ಹಿಡಿಯುತ್ತಾರೆ.

ಆದ್ದರಿಂದ ಒಂದೊಂದು ದೂರನ್ನು ಬಗೆಹರಿಸಿ ಎಂದು ನಾನು ಕೇಳುತ್ತಿಲ್ಲ. ಟ್ರಾಯ್ ಕಾಯ್ದೆಯ 36ನೇ ಸೆಕ್ಷನ್ ಅಡಿ ನಿಯಮ ಮಾಡುವ ಅಧಿಕಾರ ತಮಗಿದೆ, ಅದನ್ನು ಬಳಸಿ ಎಂದು ಕೇಳುತ್ತಿದ್ದೇನೆ. ಕೇಬಲ್ ಟಿವಿ ಮತ್ತು ಡಿಟಿಎಚ್ ಗ್ರಾಹಕರಿಗಾಗಿ 2017ರಲ್ಲಿ ತಾವೇ ರೂಪಿಸಿದ ನಿಯಮಗಳಲ್ಲಿ ಸಂಪರ್ಕದ ಸ್ಥಳಾಂತರ, ತಾತ್ಕಾಲಿಕ ನಿಲುಗಡೆ ಇವುಗಳ ಪ್ರಸ್ತಾಪವಿದೆ. ಧಾರಾವಾಹಿ ನೋಡುವವನು ಮನೆ ಬದಲಿಸಬಹುದೆಂದು ಹೊಳೆದಿದ್ದ ಪ್ರಾಧಿಕಾರಕ್ಕೆ ಇಂಟರ್ನೆಟ್ ಬಳಸುವವನೂ ಬದಲಿಸಬಹುದೆಂದು ಹೊಳೆಯಬಾರದೇಕೆ?

ಬೇರೆ ದೇಶಗಳು ಈ ಸಮಸ್ಯೆಯನ್ನು ಬಿಡಿಸಿರುವ ರೀತಿಯಲ್ಲಿ ಕಷ್ಟವಾದದ್ದೇನೂ ಇಲ್ಲ. ಜರ್ಮನಿಯ ದೂರಸಂಪರ್ಕ ಕಾಯ್ದೆಯ ಪ್ರಕಾರ ಗ್ರಾಹಕ ಮನೆ ಬದಲಿಸಿದಾಗ ಕಂಪನಿ ಹೊಸ ವಿಳಾಸದಲ್ಲೂ ಅದೇ ಸೇವೆಯನ್ನು, ಕರಾರಿನ ಅವಧಿಯನ್ನು ಹಿಗ್ಗಿಸದೆ, ಮುಂದುವರಿಸಬೇಕು. ಅಲ್ಲಿ ಸೇವೆ ಇಲ್ಲದಿದ್ದರೆ ಗ್ರಾಹಕ ಒಂದು ತಿಂಗಳ ನೋಟಿಸ್ ಕೊಟ್ಟು ಹೊರಬರಬಹುದು. ಮೊದಲು ಈ ನೋಟಿಸ್ ಮೂರು ತಿಂಗಳದ್ದಾಗಿತ್ತು, 2021ರ ಡಿಸೆಂಬರ್‌ನಿಂದ ಒಂದಕ್ಕೆ ಇಳಿಸಿದರು. ಐರೋಪ್ಯ ಒಕ್ಕೂಟದ 2018ರ ದೂರಸಂಪರ್ಕ ಸಂಹಿತೆ ಕರಾರಿನ ಅವಧಿಯನ್ನು 24 ತಿಂಗಳಿಗೆ ಮಿತಿಗೊಳಿಸಿ, ಅಗ್ಗಕ್ಕೆ ಕೊಟ್ಟ ಸಾಧನವನ್ನು ಇಟ್ಟುಕೊಂಡು ಹೋಗುವವನಿಂದ ಕೇಳಬಹುದಾದ ಹಣಕ್ಕೂ ಮಿತಿ ಹಾಕಿದೆ: ಕಾಲ ಕಳೆದಂತೆ ಇಳಿದ ಸಾಧನದ ಬೆಲೆ, ಅಥವಾ ಉಳಿದ ಅವಧಿಯ ಸೇವಾ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಅಮೆರಿಕದಲ್ಲಿ ಸೈನಿಕರಿಗೆ 90 ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಸೇವೆ ಸಿಗದ ಜಾಗಕ್ಕೆ ವರ್ಗವಾದರೆ ನಿರ್ಗಮನ ಶುಲ್ಕವಿಲ್ಲದೆ ಮೊಬೈಲ್ ಕರಾರು ಬಿಡುವ ಹಕ್ಕಿದೆ. ನಮ್ಮಲ್ಲಿ ಸೈನಿಕರಲ್ಲದೆ ಬ್ಯಾಂಕಿನವರು, ನರ್ಸುಗಳು, ಪೊಲೀಸರು, ಶಿಕ್ಷಕರು ಎಲ್ಲರಿಗೂ ವರ್ಗಾವಣೆ ಇದ್ದದ್ದೇ.

ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಬಿಲ್ಡರೋ ಅಸೋಸಿಯೇಷನ್ನೋ ಒಂದೆರಡು ಕಂಪನಿಗಳಿಗೆ ಮಾತ್ರ ಒಳಗೆ ಕೇಬಲ್ ಎಳೆಯಲು ಬಿಡುತ್ತಾರೆ. ಹೊಸದಾಗಿ ಬಂದ ಬಾಡಿಗೆದಾರನ ಹಳೆಯ ಕಂಪನಿಯ ಫೈಬರ್ ಗೇಟಿನ ಹೊರಗಿನ ರಸ್ತೆಯಲ್ಲೇ ಹಾದುಹೋಗಿದ್ದರೂ ಸೆಕ್ಯುರಿಟಿಯವರು ಲೈನಿನ ಹುಡುಗನನ್ನು ಒಳಗೆ ಬಿಡುವುದಿಲ್ಲ. ಅಲ್ಲಿ ಸೇವೆ ‘ಲಭ್ಯವಿದೆ’ ಎಂದು ಕಂಪನಿಯ ನಕ್ಷೆ ತೋರಿಸುತ್ತದೆ, ಮನೆಯೊಳಗೆ ಬರುವುದಿಲ್ಲ. ಸ್ಥಳಾಂತರ ಸಾಧ್ಯವಾಗದಿರಲು ಇದೂ ಒಂದು ಕಾರಣವೆಂದು ನಿಯಮದಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ, ಸೇವೆ ಇದೆ ಆದರೆ ನೀವು ತೆಗೆದುಕೊಳ್ಳುತ್ತಿಲ್ಲ ಎಂಬ ಹೊಸ ಉತ್ತರ ಹುಟ್ಟಿಕೊಳ್ಳುತ್ತದೆ. ಲಭ್ಯತೆಯ ಅಳತೆ ಮನೆಯ ಒಳಗಿನ ಸಂಪರ್ಕವಾಗಬೇಕು, ಪಿನ್‌ಕೋಡ್ ಆಗಬಾರದು.

ನಿಯಮದಲ್ಲಿ ಇರಬೇಕಾದದ್ದನ್ನು ಹೀಗೆ ಹೇಳಬಹುದು. ಸ್ಥಳಾಂತರದ ಕೋರಿಕೆ ಬಂದ ಮೇಲೆ ನಿಗದಿತ ದಿನಗಳೊಳಗೆ ಕಂಪನಿ ಹೊಸ ವಿಳಾಸದಲ್ಲಿ ಸಂಪರ್ಕ ಕೊಡಬೇಕು, ಇಲ್ಲವೇ ಕೊಡಲಾಗುವುದಿಲ್ಲವೆಂದು ಬರಹದಲ್ಲಿ ತಿಳಿಸಬೇಕು. ಎರಡೂ ಮಾಡದೆ ಕೋರಿಕೆಯನ್ನು ಮುಚ್ಚುವಂತಿರಬಾರದು. ಕೊಡಲಾಗದಿದ್ದರೆ ನಿರ್ಗಮನ ಶುಲ್ಕ ಶೂನ್ಯವಾಗಬೇಕು, ಬಳಸಿದ ಅವಧಿಗೆ ಹೆಚ್ಚೆಂದರೆ ಮಾಸಿಕ ದರವನ್ನು ಹಿಡಿದುಕೊಂಡು ಉಳಿದದ್ದನ್ನು ತೆರಿಗೆ ಸಮೇತ ಹಿಂದಿರುಗಿಸಬೇಕು. ಸಂಪರ್ಕ ಮುಚ್ಚಿದ ಮೇಲೆ ಠೇವಣಿ ಹಿಂದಿರುಗಿಸಲು ತಾವು ಈಗಾಗಲೇ ಕಾಲಮಿತಿ ಹಾಕಿದ್ದೀರಿ, ಅದೇ ಮಿತಿ ಈ ಹಣಕ್ಕೂ ಅನ್ವಯಿಸಲಿ. ಕಂಪನಿ ಕೊಡಲು ಸಿದ್ಧವಿದ್ದೂ ಗ್ರಾಹಕನೇ ಬೇಡವೆಂದರೆ ಅದು ಬೇರೆ ಮಾತು. ಆಗ ಶುಲ್ಕ ಇರಲಿ, ಆದರೆ ತಿಂಗಳು ಕಳೆದಂತೆ ಇಳಿಯುತ್ತ ಕೊನೆಯ ತಿಂಗಳಲ್ಲಿ ಇಲ್ಲವಾಗಲಿ. ವಾರ್ಷಿಕ ರೀಚಾರ್ಜ್ ಮಾಡಿಸಿದ ಮೊಬೈಲ್ ಗ್ರಾಹಕನಿಗೂ, ಪೋರ್ಟಬಿಲಿಟಿ ನಿಯಮದ ನಿರ್ಗಮನ ಷರತ್ತಿಗೂ ಇದೇ ತತ್ತ್ವ ಅನ್ವಯಿಸಬೇಕು. ಇದೆಲ್ಲಕ್ಕೂ ಮುಂಚೆ, ಹಣ ಕಟ್ಟುವ ಹೊತ್ತಿನಲ್ಲೇ ಲಾಕ್‌ಇನ್ ಎಷ್ಟು ತಿಂಗಳು, ಬಿಟ್ಟರೆ ಎಷ್ಟು ಕಟ್ಟಬೇಕು ಎಂಬ ಎರಡು ಸಾಲು ಗ್ರಾಹಕನ ಫೋನಿಗೆ ಕನ್ನಡದಲ್ಲಿ ಬರಬೇಕು. ಈಗ ಅದು ಇಂಗ್ಲಿಷಿನ ಷರತ್ತುಗಳ ಹಾಳೆಯಲ್ಲಿ, ಹುಡುಕುವವನಿಗೂ ಸಿಗದ ಜಾಗದಲ್ಲಿದೆ.

ದುರುಪಯೋಗದ ಭಯವಿದ್ದರೆ ಹೊಸ ಬಾಡಿಗೆ ಕರಾರಿನ ಪ್ರತಿ, ವರ್ಗಾವಣೆ ಆದೇಶ ಅಥವಾ ಹೊಸ ವಿಳಾಸದ ವಿದ್ಯುತ್ ಬಿಲ್ ಕೇಳಲಿ. ನಾಲ್ಕು ಸಾವಿರಕ್ಕಾಗಿ ಯಾರೂ ಸುಳ್ಳು ಮನೆ ಹಿಡಿಯುವುದಿಲ್ಲ. ಈ ಊರಿನ ಅಡ್ವಾನ್ಸ್ ಮೊತ್ತ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೆರಡು ಬಡಾವಣೆಗೆ ಮಾತ್ರ ಸೇವೆ ಕೊಡುವ ಸಣ್ಣ ಕಂಪನಿಗಳಿಗೆ ಇದು ಭಾರವಾದೀತೆಂಬ ಆತಂಕ ನನಗೂ ಇದೆ. ಅವರ ಗ್ರಾಹಕ ನಾಲ್ಕು ರಸ್ತೆ ದಾಟಿದರೆ ಅವರ ಜಾಲದಿಂದ ಹೊರಗೆ. ಅಂಥವರಿಗೆ ಹಣ ಹಿಂದಿರುಗಿಸಲು ಹೆಚ್ಚು ಸಮಯ ಕೊಡಬಹುದು, ಅಥವಾ ವಾರ್ಷಿಕ ಮುಂಗಡದ ಬದಲು ಮೂರು ತಿಂಗಳ ಮುಂಗಡಕ್ಕೆ ಮಿತಿಗೊಳಿಸಬಹುದು. ಇದರಲ್ಲಿ ಯಾವುದು ಸರಿಯೆಂಬುದನ್ನು ಅವರನ್ನೂ ಕೇಳಿಯೇ ನಿರ್ಧರಿಸುವುದು ಒಳ್ಳೆಯದು.

ಈ ಪತ್ರದ ಪ್ರತಿಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೂ ಕಳುಹಿಸುತ್ತಿದ್ದೇನೆ. ಸೇರುವುದನ್ನು ಒಂದು ಬೆರಳಿನ ಕೆಲಸ ಮಾಡಿ, ಬಿಡುವುದನ್ನು ಅಸಾಧ್ಯಗೊಳಿಸುವ ಚಂದಾದಾರಿಕೆಯ ಬಲೆಯನ್ನು ಅದು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿತ ತಂತ್ರಗಳ ಪಟ್ಟಿಗೆ ಸೇರಿಸಿದೆ. ಆ್ಯಪಿನಲ್ಲಿ ನವೀಕರಣಕ್ಕೆ ದೊಡ್ಡ ಗುಂಡಿ ಇಟ್ಟು, ಸಂಪರ್ಕ ಮುಚ್ಚಲು ಮಾತ್ರ ಕರೆ ಮಾಡಿ ಎನ್ನುವ ಕಂಪನಿಗಳನ್ನು ಅದು ತನ್ನಷ್ಟಕ್ಕೇ ವಿಚಾರಿಸಬಹುದು.

ಪ್ರಾಧಿಕಾರದ ಪದ್ಧತಿಯಂತೆ ಮೊದಲು ಸಮಾಲೋಚನಾ ಪತ್ರ, ಆಮೇಲೆ ಅಭಿಪ್ರಾಯ ಸಂಗ್ರಹ, ಕೊನೆಗೆ ಬಹಿರಂಗ ಚರ್ಚೆ ನಡೆಯುತ್ತದೆ. ಈ ವಿಷಯದ ಮೇಲೆ ಅಂಥದೊಂದು ಪತ್ರವನ್ನು ಹೊರಡಿಸಬೇಕೆಂದೂ, ಅದು ಕನ್ನಡದಲ್ಲಿಯೂ ದೊರೆಯುವಂತೆ ಮಾಡಿ ಕನ್ನಡದಲ್ಲಿ ಬರೆದ ಅಭಿಪ್ರಾಯಗಳನ್ನು ಸ್ವೀಕರಿಸಬೇಕೆಂದೂ, ತಮ್ಮ ಪ್ರಾದೇಶಿಕ ಕಚೇರಿ ಇರುವ ಬೆಂಗಳೂರಿನಲ್ಲಿ ಒಂದು ಚರ್ಚೆಯನ್ನು ಏರ್ಪಡಿಸಬೇಕೆಂದೂ ಕೋರುತ್ತೇನೆ. ಶಾಲೆಗಳು ಜೂನ್‌ನಲ್ಲಿ ತೆರೆಯುವುದರಿಂದ ಈ ಊರಿನಲ್ಲಿ ಮನೆ ಬದಲಿಸುವ ಸಂಸಾರಗಳು ಹೆಚ್ಚಾಗಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹೊರಡುತ್ತವೆ. ಚರ್ಚೆಯನ್ನು ಅದಕ್ಕೆ ಮುಂಚೆ, ಭಾನುವಾರ ಇಟ್ಟರೆ ಬಾಡಿಗೆದಾರರೂ ಬರಬಹುದು.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಬಾಡಿಗೆದಾರ